14416ಕ್ಕೆ ಫೋನ್ ಮಾಡಿ ನೋಡಿದೆ (ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ ರಿವ್ಯೂ)

ಮೈಸೂರಿನ ಸರಸ್ವತಿಪುರಂ ಕಡೆ ನಂದೊಂದು ಚಿಕ್ಕ ಜೆರಾಕ್ಸ್ ಅಂಗಡಿ. ರಿವ್ಯೂ ಗಿವ್ಯೂ ಬರೆದೋನಲ್ಲ, ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

2020 ಮಾರ್ಚಲ್ಲಿ 21 ದಿನ ಲಾಕ್‌ಡೌನ್ ಅಂದಾಗ ನಿಜ ಹೇಳ್ಬೇಕಂದ್ರೆ ಮಜವಾಗೇ ಇತ್ತು, ಮನೇಲಿ ಚೌಕಾಬಾರ, ಮಧ್ಯಾಹ್ನ ನಿದ್ದೆ. 2021ರದ್ದು ಹಂಗಲ್ಲ, ಏಪ್ರಿಲ್ ಕೊನೇಲಿ ಮುಚ್ಚಿದ್ದು ಜೂನಲ್ಲಿ ಎಷ್ಟೋ ಜಿಲ್ಲೆ ತೆಗೆದ್ರೂ ಮೈಸೂರಿಗೆ ಮಾತ್ರ ಇನ್ನೊಂದ್ ವಾರ ಇನ್ನೊಂದ್ ವಾರ ಅಂತ ಎಳೀತು, ಕಾಲೇಜೂ ಇಲ್ಲ, ಮಷೀನ್ ಕಂತು ಮಾತ್ರ ನಿಲ್ಲಲಿಲ್ಲ. ಅದನ್ನೂ ತಡ್ಕೊಂಡೆ. ನಾನು ಕುಸಿದಿದ್ದು 2022 ಜನವರಿ ವೀಕೆಂಡ್ ಕರ್ಫ್ಯೂಗೆ! ಭಾನುವಾರ ಹೆಂಗೂ ನಂದು ರಜಾ, ಹೋಗಿದ್ದು ಶನಿವಾರ ಒಂದೇ, ಅಷ್ಟಕ್ಕೇ ಕೈ ನಡುಗಕ್ಕೆ ಶುರುವಾಯ್ತು. ಎಲ್ಲಾ ಮುಗಿದ್ಮೇಲೂ ಪಕ್ಕದ ಅಂಗಡಿ ಶಟರ್ ಎಳೆದ್ರೆ ಎದೆ ಧಸಕ್ ಅನ್ನೋದು, ಎ4 ಪೇಪರ್ ಎರಡೇ ಬಂಡಲ್ ತರ್ತಿದ್ದೆ, ನಾಳೆ ಮುಚ್ಚಿಸಿದ್ರೆ ಅಂತ.

ಮೊದ್ಲು ಒಂದು ಕೌನ್ಸೆಲಿಂಗ್ ಆಪ್‌ಗೆ ದುಡ್ಡು ಕಟ್ಟಿದೆ (ಹೆಸರು ಬೇಡ), ಅದ್ರಲ್ಲಿ ಮಾತಾಡಿದ ಹುಡುಗಿ ಬರೀ ಇಂಗ್ಲಿಷು, ನನ್ನ ಸಂಕಟ ಹೇಳೋಕೆ ನಾನು ಟೆನ್ಸ್ ಹುಡುಕ್ಕೊಂಡು ಕೂರ್ಬೇಕಾ?

ಆಮೇಲೆ 14416. ಸರ್ಕಾರದ್ದು, 2022 ಅಕ್ಟೋಬರಲ್ಲಿ ಶುರುವಾಗಿದ್ದು, ಬೆಂಗಳೂರು ನಿಮ್ಹಾನ್ಸ್‌ನವರ ಉಸ್ತುವಾರಿ, ದಿನದ 24 ಗಂಟೆ, ಫ್ರೀ. ರಾತ್ರಿ ಎರಡೂವರೆಗೆ ಮಾಡಿದೆ, ಕನ್ನಡದಲ್ಲೇ ಒಬ್ರು ಮೇಡಂ ಮಾತಾಡಿದ್ರು, ಅರ್ಧ ಗಂಟೆ ನಾನೇ ವಟಗುಟ್ಟಿದೆ ಅನ್ಸತ್ತೆ. ಅವ್ರು ಹೇಳಿದ್ದಿಷ್ಟು, ಅಂಗಡಿ ಮುಚ್ಚಿದ್ದಕ್ಕಿಂತ ಮತ್ತೆ ಯಾವಾಗ ಮುಚ್ಚಿಸ್ತಾರೋ ಅಂತ ಕಾಯ್ತಾ ಇರೋದೇ ನಿಮ್ಮನ್ನ ಹಿಂಡ್ತಿದೆ ಅಂತ. ನಿದ್ದೆ ಎಷ್ಟೊತ್ತಿಗೆ ಬಂದ್ರೂ ಏಳೋ ಟೈಮ್ ಒಂದೇ ಇಟ್ಕೊಳಿ, ನಿದ್ದೆ ಬರ್ದಿದ್ರೆ ಹಾಸಿಗೇಲಿ ಹೊರಳಾಡ್ಬೇಡಿ ಎದ್ದು ಕೂತ್ಕೊಳಿ, ಆಮೇಲೆ ಪೇಪರ್ ಒಂದೊಂದೇ ಬಂಡಲ್ ಜಾಸ್ತಿ ತರ್ತಾ ಹೋಗಿ ಅಂದ್ರು. ನಂಗೆ ನಗು ಬಂತು, ಪೇಪರ್ ತಂದ್ರೆ ತಲೆ ಸರಿಹೋಗತ್ತಾ ಅಂತ.

ಕೆ.ಆರ್. ಆಸ್ಪತ್ರೆ ಸೈಕಿಯಾಟ್ರಿಗೂ ಒಂದ್ಸಲ ತೋರಿಸ್ಕೊಳಿ ಅಂದಿದ್ರು. ಹೋದೆ, ಮನೇಲಿ ಚರ್ಮದ ಡಾಕ್ಟ್ರ ಹತ್ರ ಅಂತ ಸುಳ್ಳು ಹೇಳಿ, ಅಲ್ಲಿ ನೋಡಿದ್ರೆ ಕ್ಯೂನಲ್ಲಿ ನಮ್ ಬೀದಿ ಬೇಕರಿಯೋನೇ ಕೂತಿದಾನೆ, ಇಬ್ರೂ ಮಾಸ್ಕ್ ಮೇಲಕ್ಕೆ ಎಳ್ಕೊಂಡ್ವಿ.

ರೇಟಿಂಗ್ 5ಕ್ಕೆ 5. ಮಂತ್ರ ಹಾಕ್ದಂಗೆ ವಾಸಿಯಾಗಲ್ಲ, ನಂಗೆ ನಾಲ್ಕೈದು ತಿಂಗಳು ಹಿಡೀತು. ಪೇಪರ್ ಮೊನ್ನೆ ನಾಲ್ಕು ಬಂಡಲ್ ತಂದೆ, ಪೂರ್ತಿ ಬಾಕ್ಸಿಗೆ ಇನ್ನೂ ಧೈರ್ಯ ಬಂದಿಲ್ಲ.