ಹಳೆಯ ಜಿಪ್ಸಿಯ ವಿದ್ಯುತ್ ಫ್ಯಾನ್: ಕೈಸ್ವಿಚ್, ಥರ್ಮೋ ಸ್ವಿಚ್, ಡಿಜಿಟಲ್ ಕಂಟ್ರೋಲರ್

ಮಾರುತಿ ಜಿಪ್ಸಿಯ 1.3 ಲೀಟರ್ ಎಂಜಿನ್ನಿಗೆ ಕಂಪನಿಯಿಂದ ಬರುತ್ತಿದ್ದುದು ಬೆಲ್ಟ್‌ನಿಂದ ತಿರುಗುವ ಫ್ಯಾನ್. ಹಳ್ಳ ದಾಟುವಾಗ ಅದು ನೀರನ್ನು ಇಗ್ನಿಷನ್ ಭಾಗಗಳ ಮೇಲೆ ಎರಚುತ್ತದೆ; ನೀರಿನ ಎಳೆತಕ್ಕೆ ರೆಕ್ಕೆಗಳು ಮುಂದಕ್ಕೆ ಬಾಗಿ ರೇಡಿಯೇಟರಿಗೆ ತಾಗುವ ಅಪಾಯವೂ ಇದೆ. ಆದ್ದರಿಂದ ನನ್ನಂತೆ ಅನೇಕರು ಅದನ್ನು ತೆಗೆದು 12 ವೋಲ್ಟಿನ ವಿದ್ಯುತ್ ಫ್ಯಾನ್ ಕೂರಿಸಿಕೊಳ್ಳುತ್ತಾರೆ. ಫ್ಯಾನನ್ನು ಚಾಲೂ ಮಾಡಲು ಇರುವ ಮೂರು ವಿಧಾನಗಳನ್ನೂ ನಾನು ಒಂದೇ ಗಾಡಿಯಲ್ಲಿ ಬಳಸಿ ನೋಡಿದ್ದೇನೆ. ಬಿಸಿಲೆ ಘಾಟಿಯಂಥ ಜಾಗದಲ್ಲಿ ಫ್ಯಾನ್ ನಿಂತುಹೋದರೆ, ಕೈಯಲ್ಲಿರುವ ಸಾಮಾನಿನಲ್ಲೇ ದೋಷವನ್ನು ಎಷ್ಟು ಬೇಗ ಹುಡುಕಬಹುದು ಎಂಬುದೇ ಇಲ್ಲಿ ನನ್ನ ಅಳತೆಗೋಲು.

ಡ್ಯಾಶ್‌ಬೋರ್ಡಿನ ಕೈಸ್ವಿಚ್ ಎಲ್ಲಕ್ಕಿಂತ ಸರಳ. ಫ್ಯಾನಿನ ಪೂರ್ತಿ ಕರೆಂಟು ಆ ಸ್ವಿಚ್ಚಿನ ಮೂಲಕ ಹಾಯದಂತೆ ನಡುವೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸಿ ಬಿಡಿಸುವ ಸಾಧನ) ಇದ್ದರೆ ಅದು ವರ್ಷಗಟ್ಟಲೆ ಬಾಳುತ್ತದೆ. ರಿಲೇ ಇಲ್ಲದಿದ್ದರೆ ಫ್ಯಾನ್ ಹೊರಡುವಾಗಿನ ಎಳೆತಕ್ಕೆ ಸ್ವಿಚ್ಚಿನ ಸಂಪರ್ಕಗಳು ಸುಟ್ಟು ಕಪ್ಪಾಗುತ್ತವೆ. ಹಳ್ಳಕ್ಕೆ ಇಳಿಯುವ ಮುನ್ನ ಫ್ಯಾನನ್ನು ನಿಲ್ಲಿಸುವ ಅಧಿಕಾರ ಚಾಲಕನ ಕೈಯಲ್ಲಿರುವುದು ಇದರ ದೊಡ್ಡ ಲಾಭ. ಆದರೆ ಗಂಟೆಗೆ 50 ಕಿ.ಮೀ. ಮೀರಿದ ಮೇಲೆ ಎದುರುಗಾಳಿಯೇ ಸಾಕಾಗುವುದರಿಂದ ಫ್ಯಾನಿನ ಅಗತ್ಯ ಬೀಳುವುದು ಟ್ರಾಫಿಕ್ಕಿನಲ್ಲಿ ಮತ್ತು ಲೋ ಗೇರಿನ ಏರಿನಲ್ಲಿ, ಅಂದರೆ ಚಾಲಕನ ಗಮನ ಪೂರ್ತಿ ರಸ್ತೆಯ ಮೇಲಿರುವ ಹೊತ್ತಿನಲ್ಲೇ. ಮನೆಯವರೂ ಓಡಿಸುವ ಗಾಡಿಗೆ ಬರೀ ಕೈಸ್ವಿಚ್ಚನ್ನು ನಾನು ಒಪ್ಪುವುದಿಲ್ಲ.

ಡಿಜಿಟಲ್ ಕಂಟ್ರೋಲರಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಎಷ್ಟು ಡಿಗ್ರಿಗೆ ಫ್ಯಾನ್ ಹೊರಡಬೇಕೆಂದು ಸೀಟಿನಿಂದಲೇ ಬದಲಿಸಬಹುದು, ಅದು ಹಿತವಾದ ಸೌಕರ್ಯ. ಆದರೆ ಅದರ ಸಂವೇದಕವನ್ನು ರೇಡಿಯೇಟರಿನ ತೆಳು ಪಟ್ಟಿಗಳ ನಡುವೆ ಸಿಕ್ಕಿಸಬೇಕು. ಕಲ್ಲುದಾರಿಯ ಕುಲುಕಾಟಕ್ಕೆ ಅದು ಸಡಿಲವಾಗಿ ಈಚೆ ಬಂದರೆ, ಕೂಲೆಂಟಿನ (ಎಂಜಿನ್ನನ್ನು ತಣಿಸುವ ದ್ರವದ) ಬದಲು ಹೊರಗಿನ ಗಾಳಿಯ ಬಿಸಿಯನ್ನು ಅಳೆಯುತ್ತ ಫ್ಯಾನನ್ನು ಚಾಲೂ ಮಾಡುವುದೇ ಇಲ್ಲ. ಪೆಟ್ಟಿಗೆಯೊಳಗೆ ನೀರು ಹೋದರಂತೂ ದಾರಿಯಲ್ಲಿ ದುರಸ್ತಿಯ ಮಾತೇ ಇಲ್ಲ, ಅದನ್ನು ಬಿಟ್ಟು ನೇರ ತಂತಿ ಎಳೆಯಬೇಕು.

ನನಗೆ ಹೆಚ್ಚು ವಿಶ್ವಾಸ ಮೂಡಿರುವುದು ರಿಲೇ ಸಮೇತವಾದ ಥರ್ಮೋ ಸ್ವಿಚ್ಚಿನ ಮೇಲೆ, ಅಂದರೆ ಕೂಲೆಂಟಿನ ಬಿಸಿಗೆ ತಾನಾಗಿ ಕೂಡುವ ಸ್ವಿಚ್ಚಿನ ಮೇಲೆ. 92 ಡಿಗ್ರಿಗೆ ಕೂಡಿ 87 ಡಿಗ್ರಿಗೆ ಬಿಡುವಂಥದ್ದು ಸುಲಭವಾಗಿ ಸಿಗುತ್ತದೆ, ಆದರೆ ಅದನ್ನು ಕೂರಿಸುವ ಜಾಗ ಮುಖ್ಯ. ರೇಡಿಯೇಟರಿನ ಕೆಳಭಾಗದಲ್ಲಿ, ತಣಿದ ಕೂಲೆಂಟ್ ಹೊರಡುವ ಕಡೆ ಇಟ್ಟಾಗ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ನಡುವನ್ನು ದಾಟಿದ ಮೇಲಷ್ಟೇ ಫ್ಯಾನ್ ಎದ್ದಿತು. ಮೇಲಿನ ಹೋಸನ್ನು ಕತ್ತರಿಸಿ ಅಲ್ಯೂಮಿನಿಯಂ ಅಡಾಪ್ಟರಿನಲ್ಲಿ ಕೂರಿಸಿದ ಮೇಲೆ, 82 ಡಿಗ್ರಿಗೆ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟಿನ ಜೊತೆ ಅದು ಸರಿಯಾಗಿ ಹೊಂದಿತು. ಎರಡು ಕಡೆಯೂ ರಬ್ಬರ್ ಇರುವುದರಿಂದ ಆ ಅಡಾಪ್ಟರಿಗೆ ತಾನಾಗಿ ಅರ್ಥ್ (ಬ್ಯಾಟರಿಯ ಮೈನಸ್ಸಿಗೆ ಕರೆಂಟು ಮರಳುವ ದಾರಿ) ಸಿಗುವುದಿಲ್ಲ; ಒಂದೇ ಟರ್ಮಿನಲ್ಲಿನ ಸ್ವಿಚ್ಚಾದರೆ ಅಡಾಪ್ಟರಿಗೆ ಬೇರೆ ಅರ್ಥ್ ತಂತಿ ಕಟ್ಟಲೇಬೇಕು.

ದೋಷ ಹುಡುಕುವುದರಲ್ಲಿ ಇದನ್ನು ಸರಿಗಟ್ಟುವ ವ್ಯವಸ್ಥೆ ಇನ್ನೊಂದಿಲ್ಲ. ಸ್ವಿಚ್ಚಿನ ಎರಡು ತಂತಿಗಳನ್ನು ಕಿತ್ತು ಒಂದಕ್ಕೊಂದು ತಾಗಿಸಿದಾಗ ಫ್ಯಾನ್ ತಿರುಗಿದರೆ ಸ್ವಿಚ್ ಕೆಟ್ಟಿದೆ, ಇಲ್ಲವೇ ಕೂಲೆಂಟ್ ಕಡಿಮೆಯಾಗಿ ಅದರ ಸುತ್ತ ಗಾಳಿ ನಿಂತಿದೆ. ತಿರುಗದಿದ್ದರೆ ರಿಲೇ ಕಿತ್ತು ಅದರ ಸಾಕೆಟ್ಟಿನ 30 ಮತ್ತು 87ನೇ ಪಿನ್ನುಗಳ ಜಾಗವನ್ನು ದಪ್ಪ ತಂತಿಯಿಂದ ಕೂಡಿಸಬೇಕು. ಆಗ ತಿರುಗಿದರೆ ರಿಲೇಯನ್ನೋ ಅದರ ಕಾಯಿಲಿಗೆ ಬರುವ ತಂತಿಯನ್ನೋ ಅನುಮಾನಿಸಬೇಕು. ಆಗಲೂ ತಿರುಗದಿದ್ದರೆ ಉಳಿಯುವುದು ಫ್ಯೂಸ್, ಮೋಟಾರು ಮತ್ತು ಅರ್ಥ್.

ತುಕ್ಕು ಹಿಡಿದ ಹಳೆಯ ಬಾಡಿಯಲ್ಲಿ ಆ ಅರ್ಥ್ ಮೇಲೆಯೇ ಮೊದಲು ಕಣ್ಣಿಡಬೇಕು. ಟೆಸ್ಟ್ ಲ್ಯಾಂಪ್ ಇಲ್ಲಿ ಮೋಸ ಮಾಡುತ್ತದೆ, ಏಕೆಂದರೆ ಅದು ಉರಿಯಲು ಬೇಕಾದ ಅಲ್ಪ ಕರೆಂಟು ತುಕ್ಕಿನ ನಡುವೆಯೂ ನುಸುಳುತ್ತದೆ. ಫ್ಯಾನ್ ಓಡುತ್ತಿರುವಾಗಲೇ ಮಲ್ಟಿಮೀಟರಿನ ಕೆಂಪು ತುದಿಯನ್ನು ಫ್ಯಾನಿನ ಅರ್ಥ್ ಟರ್ಮಿನಲ್ಲಿಗೂ ಕಪ್ಪು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಹಿಡಿಯಬೇಕು. ನನ್ನ ಗಾಡಿಯಲ್ಲಿ 1.6 ವೋಲ್ಟ್ ತೋರಿಸಿತು. ಬ್ಯಾಟರಿಯ ತನಕ ನೇರವಾಗಿ ದಪ್ಪ ತಂತಿ ಎಳೆದ ಮೇಲೆ ಅದು 0.1ಕ್ಕೆ ಇಳಿಯಿತು, ಗಾಳಿಯ ರಭಸ ಕೈಗೇ ಗೊತ್ತಾಗುವಷ್ಟು ಹೆಚ್ಚಿತು. ಮೋಟಾರಿನ ತಂತಿ ಬಿಚ್ಚಿ ಮತ್ತೆ ಜೋಡಿಸಿದಾಗಲೆಲ್ಲ ರೇಡಿಯೇಟರಿನ ಮುಂದೆ ಒಂದು ಕಾಗದ ಹಿಡಿದು ನೋಡಬೇಕು: ಅದು ಜಾಲರಿಗೆ ಅಂಟಿಕೊಳ್ಳದೆ ಹಾರಿಹೋದರೆ ಪ್ಲಸ್ಸು ಮೈನಸ್ಸು ಅದಲುಬದಲಾಗಿ ಫ್ಯಾನ್ ಹಿಮ್ಮುಖವಾಗಿ ತಿರುಗುತ್ತಿದೆ ಎಂದರ್ಥ.

ಈಗ ನನ್ನ ಗಾಡಿಯಲ್ಲಿ ಥರ್ಮೋ ಸ್ವಿಚ್ಚಿನ ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಮೂರು ನೆಲೆಯ ಸ್ವಿಚ್ ಕೂಡ ಇದೆ. ಒಂದು ಕಡೆಗೆ ಒತ್ತಿದರೆ ಕೆಲಸವೆಲ್ಲ ಥರ್ಮೋ ಸ್ವಿಚ್ಚಿನದು, ಇನ್ನೊಂದು ಕಡೆಗೆ ಫ್ಯಾನ್ ಸದಾ ಚಾಲೂ, ನಡುವೆ ಪೂರ್ತಿ ಬಂದ್. ಪಕ್ಕದಲ್ಲೊಂದು ಕೆಂಪು ದೀಪವನ್ನು ಸ್ವಿಚ್ಚಿನಿಂದ ತೆಗೆದುಕೊಳ್ಳದೆ ನೇರವಾಗಿ ಫ್ಯಾನಿನ ಪ್ಲಸ್ ತಂತಿಯಿಂದ ಜೋಡಿಸಿದ್ದೇನೆ. ಹೀಗೆ ಮಾಡಿದರೆ ರಿಲೇ ನಿಜವಾಗಿಯೂ ಕೂಡಿದಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ.