ಫ್ಲವರ್ ಕಾರ್ವೆಟ್ಟೋ, ರಿವರ್ ಫ್ರಿಗೇಟೋ?

ಎರಡನೇ ಮಹಾಯುದ್ಧದ ಬೆಂಗಾವಲು ಹಡಗಿನ ಮಾದರಿ ಮಾಡಬೇಕು, ಇವೆರಡರಲ್ಲಿ ಯಾವುದು ಎಂದು ಕೇಳಿದ್ದೀರಿ. ಫ್ಲವರ್ ಎಂಬುದು ಕಾರ್ವೆಟ್ ಎನ್ನುವ ಚಿಕ್ಕ ಹಡಗುಗಳ ವರ್ಗ, ರಿವರ್ ಫ್ರಿಗೇಟ್ ಎನ್ನುವ ದೊಡ್ಡ ಹಡಗುಗಳ ವರ್ಗ. ಎರಡರ ವಿನ್ಯಾಸವೂ ಬ್ರಿಟನ್ನಿನ ವಿಲಿಯಂ ರೀಡ್ ಅವರದೇ.

ಗಾತ್ರದಲ್ಲಿ ಫ್ಲವರ್ 205 ಅಡಿ, ರಿವರ್ 301. ಮೇಜಿನ ಮೇಲೆ ಜಾಗ ಕಡಿಮೆಯಿದ್ದರೆ ಫ್ಲವರ್ ಸಾಕು. ತಿಮಿಂಗಿಲ ಬೇಟೆಯ ಹಡಗನ್ನು ಆಧರಿಸಿದ ಸರಳ ರಚನೆ, ಒಂದೇ ಪ್ರೊಪೆಲ್ಲರ್. ಹಾಗಾಗಿಯೇ ಸಣ್ಣ ಯಾರ್ಡುಗಳಲ್ಲೂ ಬೇಗ ಕಟ್ಟಲು ಸಾಧ್ಯವಾಯಿತು.

ವೇಗದಲ್ಲಿ ಫ್ಲವರ್ ಸೋಲುತ್ತದೆ. ಅದರದು 16 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ). ನೀರಿನ ಮೇಲೆ ಓಡುವ ಜರ್ಮನ್ ಜಲಾಂತರ್ಗಾಮಿ, ಅಂದರೆ ಯು-ಬೋಟ್, 17 ದಾಟುತ್ತಿತ್ತು. ಎರಡು ಪ್ರೊಪೆಲ್ಲರಿನ ರಿವರ್ 20 ಮುಟ್ಟುತ್ತಿತ್ತು, ಇಂಧನವೂ ಹೆಚ್ಚು ದೂರಕ್ಕೆ ಬರುತ್ತಿತ್ತು.

ಆಯುಧದ ವಿಷಯ ನನಗೆ ಬಹಳ ಮುಖ್ಯ. ಡೆಪ್ತ್ ಚಾರ್ಜ್ (ನೀರಿನಾಳದಲ್ಲಿ ಸಿಡಿಯುವ ಬಾಂಬ್) ಹಾಕಲು ಹಡಗು ಜಲಾಂತರ್ಗಾಮಿಯ ಮೇಲೆಯೇ ಹಾದುಹೋಗಬೇಕು. ಆ ಕೊನೆಯ ಕ್ಷಣಗಳಲ್ಲಿ, ಶಬ್ದದಿಂದ ಜಲಾಂತರ್ಗಾಮಿ ಪತ್ತೆಹಚ್ಚುವ ಸೋನಾರ್ ಉಪಕರಣ ಆಸ್ಡಿಕ್‌ಗೆ ಗುರಿ ತಪ್ಪುತ್ತಿತ್ತು. ರಿವರ್‌ನ ಹೆಡ್ಜ್‌ಹಾಗ್ 24 ಬಾಂಬುಗಳನ್ನು ಮುಂದಕ್ಕೆ ಎಸೆಯುತ್ತಿದ್ದುದರಿಂದ ಗುರಿ ಕೈಬಿಡುತ್ತಿರಲಿಲ್ಲ. ಫ್ಲವರ್‌ಗಳಿಗೂ ಆಮೇಲೆ ಅದು ಬಂತು.

ಆದರೆ ನಾವಿಕರ ಬವಣೆ ತೋರಿಸಬೇಕಿದ್ದರೆ ಆರಂಭದ ಫ್ಲವರ್ ಆರಿಸಿ. ಅಡುಗೆಮನೆ ಹಿಂದೆ, ಊಟದ ಜಾಗ ಮುಂದೆ. ನಡುವಿನ ತೆರೆದ ಡೆಕ್ ಮೇಲೆ ಅಲೆ ಹೊಡೆದು ಊಟವೆಲ್ಲ ನೆನೆದು ತಣ್ಣಗಾಗುತ್ತಿತ್ತು. ಅದಕ್ಕೇ ಆಮೇಲೆ ಫೋಕ್‌ಸಲ್ (ಹಡಗಿನ ಮುಂಭಾಗದ ಎತ್ತರದ ಡೆಕ್) ಉದ್ದ ಮಾಡಿದರು. ಬಿಡಿಭಾಗ ಕೊಳ್ಳುವ ಮುನ್ನ ಫೋಕ್‌ಸಲ್ ಗಿಡ್ಡದ್ದೋ ಉದ್ದದ್ದೋ ನೋಡಿಕೊಳ್ಳಿ.

ಜಲಾಂತರ್ಗಾಮಿ ಬೇಟೆಯ ತಂತ್ರ ವಿವರಿಸಲು, ಸ್ವತಂತ್ರ ಭಾರತದ ನೌಕಾಪಡೆಯಲ್ಲಿದ್ದ ರಿವರ್ ವರ್ಗದ ಹಡಗು ಐಎನ್‌ಎಸ್ ತೀರ್‌ನ ನೆನಪಿಗೆ ರಿವರ್ ಒಪ್ಪುತ್ತದೆ. ಅಸಲಿ ಫ್ಲವರ್ ನೋಡಲು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಸ್ಯಾಕ್‌ವಿಲ್, ರಿವರ್‌ಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಡಯಮಂಟೀನಾ ಇವೆ. ಅವುಗಳ ಫೋಟೋ ಹತ್ತಿರ ಇಟ್ಟುಕೊಳ್ಳಿ.