ಕುಮಾರ ಪರ್ವತಕ್ಕೆ ಹೊರಟಿದ್ದೀರಾ? ಟಿಕೆಟ್‌ನಲ್ಲಿ ನಿಮ್ಮ ಹೆಸರಿದೆಯಾ, ಮೊದಲು ನೋಡಿ

ಕಳೆದ ಜನವರಿಯಲ್ಲಿ ನನ್ನ ತಮ್ಮ ಕುಕ್ಕೆ ಸುಬ್ರಹ್ಮಣ್ಯದ ಬಳಿಯ ಕುಮಾರ ಪರ್ವತದ ಹುಲ್ಲುಗಾವಲಿನಲ್ಲಿ ಕುಸಿದು ಕೂತುಬಿಟ್ಟ. ಈಗ ಚೆನ್ನಾಗಿದ್ದಾನೆ. ಆದರೆ ಆ ದಿನ ನಡೆದದ್ದನ್ನು ನೆನೆದರೆ ನನಗೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ.

ನಾವು ಹೋಗಿದ್ದು ಬೆಂಗಳೂರಿನ ಒಂದು ಟ್ರೆಕ್ಕಿಂಗ್ ತಂಡದ ಜೊತೆ. ಹೆಸರು ಬೇಡ. ಬಸ್ಸು, ಊಟ, ಅರಣ್ಯ ಇಲಾಖೆಯ ಟಿಕೆಟ್ ಎಲ್ಲವೂ ಸೇರಿ ಇಷ್ಟು ಅಂತ ಹಣ ಕಟ್ಟಿಸಿಕೊಂಡರು. ಒಟ್ಟು 14 ಜನ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಶಿರಾಡಿಯ ತಿರುವುಗಳಲ್ಲಿ ಹೊಟ್ಟೆ ತೊಳೆಸಿಕೊಂಡು, ನಿದ್ದೆಯೇ ಇಲ್ಲದೆ ಬೆಳಗಿನ ಜಾವ ಕುಕ್ಕೆಯಲ್ಲಿ ಇಳಿದೆವು. ಆರು ಗಂಟೆಗೆ ನಡಿಗೆ ಶುರು.

ಗಿರಿಗದ್ದೆಯ ಭಟ್ಟರ ಮನೆಯವರೆಗೆ ದಾರಿ ದಟ್ಟ ಕಾಡಿನೊಳಗೆ. ಏರು ಜಾಸ್ತಿ, ಆದರೆ ನೆರಳಿದೆ. ಅದನ್ನು ದಾಟಿದರೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಅಲ್ಲಿಂದ ಮುಂದೆ ಪುಷ್ಪಗಿರಿ ವನ್ಯಜೀವಿ ಧಾಮ.

ಅಲ್ಲೇ ಗೊತ್ತಾಗಿದ್ದು, 14 ಜನರಲ್ಲಿ ಟಿಕೆಟ್‌ ಇದ್ದದ್ದು 9 ಜನರ ಹೆಸರಿಗೆ ಮಾತ್ರ. ಉಳಿದ ಐದು ಟಿಕೆಟ್ ಬೇರೆ ಯಾರದೋ ಹೆಸರಿನಲ್ಲಿದ್ದವು. ಗುರುತಿನ ಚೀಟಿಗೆ ಹೊಂದಲಿಲ್ಲ. ಕಾವಲಿನವರು ಬಿಡಲಿಲ್ಲ, ಅವರು ಮಾಡಿದ್ದು ಸರಿ. 2024ರ ಜನವರಿಯಲ್ಲಿ ಇದೇ ಬೆಟ್ಟಕ್ಕೆ ಜಾತ್ರೆಯಂತೆ ಜನ ನುಗ್ಗಿದ್ದ ವಿಡಿಯೋ ನೀವೂ ನೋಡಿರುತ್ತೀರಿ. ಆಮೇಲೆ ತಾನೇ ಆನ್‌ಲೈನ್ ಟಿಕೆಟ್ ಕಡ್ಡಾಯ ಆಗಿದ್ದು? ಆ ಕಾಡಿಗೂ ಅಷ್ಟು ಕಾಲುಗಳ ಭಾರ ತಡೆಯುವ ಶಕ್ತಿ ಬೇಕಲ್ವಾ.

ಆಯೋಜಕ ಫೋನ್ ತೆಗೆಯಲಿಲ್ಲ. ನಮ್ಮ ಜೊತೆ ಕಳಿಸಿದ್ದ ಲೀಡರ್ ಇಪ್ಪತ್ತರ ಹುಡುಗ. ಪಾಪ, ಅವನೂ ಆ ಬೆಟ್ಟ ಹತ್ತುತ್ತಿದ್ದದ್ದು ಅದೇ ಮೊದಲು. ಮಾತು, ವಾದ, ಬೇಡಿಕೆ, ಎಲ್ಲ ಮುಗಿಯುವಾಗ ಹನ್ನೊಂದು ದಾಟಿತ್ತು. ಐದು ಜನ ಅಲ್ಲಿಂದಲೇ ವಾಪಸ್ ಇಳಿದರು. ನಾವು ಒಂಬತ್ತು ಜನ ಮೇಲೆ ಹೊರಟೆವು. ನಾವೂ ಇಳಿದುಬಿಡಬೇಕಿತ್ತು. ಕೊಟ್ಟ ಹಣ, ಹಾಕಿದ ರಜೆ ಕಣ್ಣ ಮುಂದೆ ಬಂತು.

ಚೆಕ್‌ಪೋಸ್ಟ್ ಆದ ಮೇಲೆ ಬಹುಪಾಲು ಬೋಳು ಹುಲ್ಲುಗಾವಲು. ಬೆಳಗಿನ ತಂಪಿನಲ್ಲಿ ಅದರಷ್ಟು ಚೆಂದದ ಜಾಗ ಇನ್ನೊಂದಿಲ್ಲ. ನಡು ಮಧ್ಯಾಹ್ನ ಮಾತ್ರ ನಿಲ್ಲಲು ಒಂದು ಮರ ಸಿಗುವುದಿಲ್ಲ. ಜನವರಿ ಅಂದರೆ ಚಳಿಗಾಲ ತಾನೇ ಅಂತ ಮೋಸ ಹೋಗಬೇಡಿ. ಗಾಳಿ ಬೀಸುತ್ತಲೇ ಇರುವುದರಿಂದ ಬೆವರು ಹರಿದದ್ದೇ ತಿಳಿಯುವುದಿಲ್ಲ, ಅಷ್ಟರಲ್ಲಿ ಆರಿಹೋಗಿರುತ್ತದೆ. ಇನ್ನೊಂದು ಮಾತು. ಬೆಟ್ಟದ ಎತ್ತರ 1712 ಮೀಟರ್, ಮುಳ್ಳಯ್ಯನಗಿರಿಗಿಂತ ಕಡಿಮೆ, ಹಾಗಾಗಿ ಸುಲಭ ಅಂದುಕೊಳ್ಳುತ್ತಾರೆ. ಮುಳ್ಳಯ್ಯನಗಿರಿಯಲ್ಲಿ ತುದಿಯ ಹತ್ತಿರದವರೆಗೆ ಗಾಡಿ ಹೋಗುತ್ತದೆ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಹತ್ತಿರ ಹತ್ತಿರ ಒಂದೂವರೆ ಸಾವಿರ ಮೀಟರ್ ಎತ್ತರವನ್ನು ನಮ್ಮ ಕಾಲೇ ಏರಬೇಕು.

ಗಲಾಟೆಯಲ್ಲಿ ಯಾರೂ ನೀರು ತುಂಬಿಸಿಕೊಂಡಿರಲಿಲ್ಲ. ಕಲ್ಲು ಮಂಟಪದ ಹತ್ತಿರ ತೊರೆ ಇದೆ ಎಂದು ಲೀಡರ್ ಹೇಳಿದ್ದ. ಹೋಗಿ ನೋಡಿದರೆ ಒದ್ದೆ ಕಲ್ಲು, ಕೆಸರು, ಅಷ್ಟೇ.

ಮಂಟಪ ದಾಟಿ, ತುದಿಗಿಂತ ಮೊದಲು ಸಿಗುವ ಶೇಷ ಪರ್ವತದ ಕಡೆ ಸ್ವಲ್ಪ ಏರಿದ್ದೆವು. ತಮ್ಮ ಹಿಂದೆ ಉಳಿದ. ಕಾಲು ಹಿಡಿದುಕೊಂಡಿದೆ ಅಂದ. ಆಮೇಲೆ ತಲೆನೋವು. ಆಮೇಲೆ ವಾಂತಿ. "ಅಣ್ಣಾ, ನಂಗೆ ಆಗ್ತಿಲ್ಲ" ಅಂತ ಹುಲ್ಲಿನ ಮೇಲೆ ಕೂತವನು ಏಳಲೇ ಇಲ್ಲ. ಮುಖ ಬಿಳಿಚಿಕೊಂಡಿತ್ತು, ಮೈಯೆಲ್ಲ ತಣ್ಣನೆ ಬೆವರು. ಲೀಡರ್ ಬ್ಯಾಗಿನಲ್ಲಿದ್ದ ಪ್ರಥಮ ಚಿಕಿತ್ಸೆಯ ಡಬ್ಬಿ ತೆಗೆದರೆ ನಾಲ್ಕು ಬ್ಯಾಂಡ್‌ಏಡ್, ಒಂದು ನೋವಿನ ಸ್ಪ್ರೇ.

ಮೇಲಿಂದ ಇಳಿಯುತ್ತಿದ್ದ ಶಿವಮೊಗ್ಗದ ನಾಲ್ಕು ಹುಡುಗರು ಅವನನ್ನು ಕಂಡ ತಕ್ಷಣ ಬ್ಯಾಗ್ ಕೆಳಗಿಟ್ಟರು. ಹೆಗಲು ಕೊಟ್ಟು ಕಲ್ಲು ಮಂಟಪದ ನೆರಳಿಗೆ ಇಳಿಸಿದರು. ಮಲಗಿಸಿ ಕಾಲು ಎತ್ತರಕ್ಕಿಟ್ಟರು. ಟವೆಲ್ ಒದ್ದೆ ಮಾಡಿ ಕತ್ತು, ಕಂಕುಳಿಗೆ ಒತ್ತಿ, ಟೋಪಿಯಿಂದ ಗಾಳಿ ಬೀಸಿದರು. ತಾವು ತಂದಿದ್ದ ನೀರಿಗೇ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಿದರು. ಅವರ ಊರು ಬಿಟ್ಟರೆ ನನಗೆ ಅವರ ಬಗ್ಗೆ ಏನೂ ಗೊತ್ತಿಲ್ಲ. ಅವರ ಋಣ ದೊಡ್ಡದು.

ಡಾಕ್ಟರ್ ಆಮೇಲೆ ಹೇಳಿದ್ದು ಇದು: ಅವನಿಗೆ ಆಗಿದ್ದು ಬಿಸಿಲಿನ ಬಳಲಿಕೆ. ಅದನ್ನೂ ಮೀರಿ ಹತ್ತಿಸಿದ್ದರೆ ಹೀಟ್ ಸ್ಟ್ರೋಕ್ ಆಗಬಹುದಿತ್ತು. ಆಗ ಮೈ ಕಾದು ಮಾತು ತಡವರಿಸುತ್ತದೆ, ಜೀವಕ್ಕೇ ಅಪಾಯ. ಹಾಗೆ ಮಂಕಾದವರ ಬಾಯಿಗೆ ನೀರು ಹಾಕಲೂಬಾರದು, ಶ್ವಾಸಕ್ಕೆ ಹೋಗುತ್ತದೆ. ಮೈ ತಂಪು ಮಾಡುತ್ತಾ ಬೇಗ ಆಸ್ಪತ್ರೆಗೆ ಸೇರಿಸಬೇಕು. ಆ ಬೆಟ್ಟದಿಂದ ಬೇಗ ಅಂದರೆ ಎಷ್ಟು ಹೊತ್ತು? ನಾವು ಅವನನ್ನು ನಡೆಸಿಕೊಂಡು ಕುಕ್ಕೆ ಮುಟ್ಟಿದಾಗ ರಾತ್ರಿ ಎಂಟೂವರೆ. ಕಾಡಿನ ದಾರಿಯ ಬೇರುಗಳ ಮೇಲೆ, ಎರಡು ಟಾರ್ಚಿನ ಬೆಳಕಿನಲ್ಲಿ.

ಹಣ ವಾಪಸ್ ಕೇಳಿದೆವು. ಮೊದಲು "ನೋಡೋಣ ಸರ್" ಅಂದರು, ಆಮೇಲೆ ನಂಬರ್ ಬ್ಲಾಕ್. ವಾಪಸ್ ಕಳಿಸಲ್ಪಟ್ಟ ಆ ಐದು ಜನರಿಗೂ ಒಂದು ರೂಪಾಯಿ ಬರಲಿಲ್ಲ.

ಟಿಕೆಟ್ ಅನ್ನು ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟಿನಲ್ಲಿ ನೀವೇ ಮಾಡಿಕೊಳ್ಳಬಹುದು. ತಂಡದ ಜೊತೆಯೇ ಹೋಗುವುದಾದರೆ ಹಣ ಕಟ್ಟುವ ಮೊದಲು ಲೀಡರ್ ಈ ಬೆಟ್ಟ ಎಷ್ಟು ಸಲ ಹತ್ತಿದ್ದಾರೆ ಅಂತ ಕೇಳಿ. ಸಾಧ್ಯವಾದರೆ ಹಿಂದಿನ ದಿನವೇ ಕುಕ್ಕೆಗೆ ಬಂದು ನಿದ್ದೆ ಮಾಡಿ. ಗಿರಿಗದ್ದೆ ಬಿಡುವಾಗ ಒಬ್ಬೊಬ್ಬರ ಬಳಿಯೂ ಮೂರು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ ಇರಲಿ. ತೊರೆಯನ್ನು ನಂಬಬೇಡಿ. ಈ ವಾರಾಂತ್ಯಕ್ಕೇ ಬುಕ್ ಮಾಡಿದ್ದರೆ ಇವತ್ತು ರಾತ್ರಿಯೇ ಟಿಕೆಟ್ ಕಳಿಸಿ ಅಂತ ಮೆಸೇಜ್ ಹಾಕಿ. "ಅಲ್ಲಿ ಬಂದ ಮೇಲೆ ಕೊಡ್ತೀವಿ" ಅಂದರೆ ಬಸ್ಸು ಹತ್ತಬೇಡಿ.